ಅತ್ತೆಮ್ಮನ ಬಾಯಿಗೆ ಮಾತು ಕೂರಿಸಿದ್ದು

ಮೇಷ್ಟ್ರಿಗೆ ಸ್ಪ್ಯಾನಿಷ್ ಬರುತ್ತಿತ್ತೇ ಎಂದು ಯಾರಾದರೂ ಕೇಳಿದರೆ ಬರುತ್ತಿತ್ತು ಎನ್ನಬೇಕು, ಬರುತ್ತಿರಲಿಲ್ಲ ಎಂದೂ ಎನ್ನಬೇಕು. ಆರು ವರ್ಷದಲ್ಲಿ ಅವರು ಕಲಿತಿದ್ದ ಪದಗಳು ಸುಮಾರು ಮುನ್ನೂರು. ವಿಷ, ಉಯಿಲು, ದ್ರೋಹ, ಅವಳಿ ಮಕ್ಕಳು, ನನ್ನ ಹೆಣ ದಾಟಿಕೊಂಡು ಹೋಗು, ಇಂಥವೆಲ್ಲ ಅವರಿಗೆ ನೀರು ಕುಡಿದಷ್ಟು ಸಲೀಸು. ಆದರೆ ಆ ಭಾಷೆಯವರ ಮನೆಗೆ ಹೋಗಿ ಒಂದು ಲೋಟ ನೀರು ಕೇಳಿ ಎಂದಿದ್ದರೆ ಬಾಯಾರಿ ಸಾಯಬೇಕಿತ್ತು. ಧಾರಾವಾಹಿಯಲ್ಲಿ ಯಾರಿಗೂ ಬಾಯಾರುವುದಿಲ್ಲ, ವಿಷ ಬೆರೆಸುವುದಕ್ಕೂ ಅಲ್ಲಿ ಎಲ್ಲರೂ ಹಾಲನ್ನೇ ಬಳಸುತ್ತಾರೆ.

ಅವರ ಕೆಲಸ ಡಬ್ಬಿಂಗ್‌ಗೆ ಮಾತು ಬರೆಯುವುದು. ಟೈರ್ ಅಂಗಡಿಯ ಮೇಲೆ, ಹಲ್ಲಿನ ಡಾಕ್ಟರ ಕೆಳಗೆ, ನಡುವಿನ ಮಹಡಿಯಲ್ಲಿ ಸ್ಟುಡಿಯೊ ಇತ್ತು. ಮೇಲೆ ಡಾಕ್ಟರ ಕೊರೆಯುವ ಯಂತ್ರ ಶುರುವಾಯಿತೆಂದರೆ ಕೆಳಗೆ ಎಂಥ ಪ್ರಣಯದ ದೃಶ್ಯ ನಡೆಯುತ್ತಿದ್ದರೂ ನಿಲ್ಲಿಸಿ, ಯಾರದೋ ದವಡೆಯ ರಿಪೇರಿ ಮುಗಿಯುವವರೆಗೆ ಕಾಯಬೇಕಾಗಿತ್ತು. ಹೊರದೇಶದ ಧಾರಾವಾಹಿಯ ಜೊತೆಗೆ ಎರಡು ಕಟ್ಟು ಕಾಗದ ಬರುತ್ತಿತ್ತು. ಒಂದರಲ್ಲಿ ಸ್ಪ್ಯಾನಿಷ್ ಮಾತು, ಇನ್ನೊಂದರಲ್ಲಿ ಯಾರೋ ಪುಣ್ಯಾತ್ಮರು ಮಾಡಿದ ಒರಟು ಅನುವಾದ. ಅರ್ಥವೇನೋ ಎರಡನೆಯ ಕಟ್ಟಿನಲ್ಲಿ ಸಿಗುತ್ತಿತ್ತು. ಆದರೆ ತೆರೆಯ ಮೇಲಿನ ಬಾಯಿ ನಮ್ಮ ಅನುವಾದಕ್ಕೆ ಸೊಪ್ಪು ಹಾಕುವುದಿಲ್ಲ, ತನ್ನ ಭಾಷೆ ಆಡಿಸಿದಂತೆ ಆಡುತ್ತದೆ. ಅದು ತೆರೆದಾಗ ನಮ್ಮ ಮಾತು ತೆರೆಯಬೇಕು, ಅದು ಮುಚ್ಚಿದಾಗ ಮುಚ್ಚಬೇಕು. ಇದಕ್ಕೆ ಸ್ಟುಡಿಯೊದಲ್ಲಿ ಮಾತು ಕೂರಿಸುವುದು ಎನ್ನುತ್ತಿದ್ದರು.

ಕೂರಿಸುವ ಮೊದಲು ಮೇಷ್ಟ್ರು ಕತ್ತರಿಸುತ್ತಿದ್ದರು. ಕೆಂಪು ಪೆನ್ಸಿಲು ಹಿಡಿದು ಒಂದೊಂದು ಸ್ಪ್ಯಾನಿಷ್ ಪದವನ್ನೂ ತುಂಡು ಮಾಡುವುದು ಮೊದಲ ಕೆಲಸ. ಬೆನೆನೊ ಎಂದರೆ ವಿಷ, ಅದು ಬೆ, ನೆ, ನೊ, ಮೂರು ತುಂಡು. ಪ್ವೆರ್ತ ಎಂದರೆ ಬಾಗಿಲು, ಅದರೊಳಗಿನ ಉ ಮತ್ತು ಎ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಅವನ್ನು ಬಿಡಿಸಬಾರದು, ಎರಡೇ ತುಂಡು. ಆಮೇಲೆ ಯಾವ ತುಂಡಿನ ಮೇಲೆ ಭಾರ ಬೀಳುತ್ತದೆಂದು ಹುಡುಕುವುದು. ಪದದ ಕೊನೆಯಲ್ಲಿ ಸ್ವರವೋ, ನ್ ಅಥವಾ ಸ್ ಎಂಬ ಅಕ್ಷರವೋ ಇದ್ದರೆ ಭಾರ ಕೊನೆಯದಕ್ಕಿಂತ ಹಿಂದಿನ ತುಂಡಿಗೆ, ಬೇರೆ ಏನಿದ್ದರೂ ಕೊನೆಯ ತುಂಡಿಗೆ. ಈ ಲೆಕ್ಕಕ್ಕೆ ಬಗ್ಗದ ತರಲೆ ಪದಗಳ ಅಕ್ಷರದ ತಲೆಯ ಮೇಲೆ ಒಂದು ಸಣ್ಣ ಓರೆಗೀಟು ಇರುತ್ತದೆ, ಭಾರ ಇಲ್ಲಿ ಎಂದು. ದ್ರೋಹಕ್ಕೆ ಅವರು ತ್ರೈಸ್ಯೋನ್ ಎನ್ನುತ್ತಾರೆ. ಕೊನೆಯಲ್ಲಿ ನ್ ಇದ್ದರೂ ಗೀಟಿನ ದೆಸೆಯಿಂದ ಭಾರ ಸ್ಯೋನ್ ಮೇಲೆ. ಭಾರ ಬಿದ್ದಲ್ಲಿ ನಟರ ಬಾಯಿ ಅಗಲವಾಗುತ್ತದೆ, ನೋಡುವವರ ಕಣ್ಣು ಹಿಡಿಯುವುದು ಅದನ್ನೇ.

ಮೂವತ್ತು ವರ್ಷ ಶಾಲೆಯ ಮಕ್ಕಳಿಂದ ಪದ್ಯಗಳಿಗೆ ಲಘು ಗುರು ಗುರುತು ಹಾಕಿಸಿದ ಮನುಷ್ಯನಿಗೆ ಇದು ಹೊಸ ವಿದ್ಯೆಯಾಗಿರಲಿಲ್ಲ. ಮೇಷ್ಟ್ರಿಗೆ ತಮ್ಮ ಲೆಕ್ಕದ ಮೇಲೆ ಎಷ್ಟು ನಂಬಿಕೆಯೆಂದರೆ, ಚಿತ್ರ ಹಾಕಿ ಕೇಳುವ ಗೋಜಿಗೇ ಹೋಗುತ್ತಿರಲಿಲ್ಲ. ಕೇಳಿ ಬರೆದರೆ ಬೇಗ ಆಗುತ್ತಲ್ಲ ಎಂದು ಯಾರಾದರೂ ಸೂಚಿಸಿದರೆ, "ಉತ್ತರ ನೋಡ್ಕೊಂಡು ಲೆಕ್ಕ ಮಾಡೋದು ಕಳ್ಳರ ಕೆಲಸ" ಎಂದು ಕಣ್ಣು ಕೆಂಪಗೆ ಮಾಡುತ್ತಿದ್ದರು. ಕಣ್ಣು ಕೆಂಪಗಾಗುವುದಕ್ಕೆ ಇತ್ತೀಚೆಗೆ ಬೇರೆ ಕಾರಣವೂ ಇತ್ತು, ಅದನ್ನು ಅವರು ಯಾರಿಗೂ ಹೇಳಿರಲಿಲ್ಲ.

ಅವರನ್ನು ಈ ಕೆಲಸಕ್ಕೆ ಎಳೆದು ತಂದದ್ದು ಅವರ ಅಕ್ಕ. ಅಕ್ಕನನ್ನು ಸ್ಟುಡಿಯೊದಲ್ಲಿ ಎಲ್ಲರೂ ಅತ್ತೆಮ್ಮ ಎನ್ನುತ್ತಿದ್ದರು. ನಾನ್ನೂರಕ್ಕೂ ಹೆಚ್ಚು ಕಂತುಗಳಲ್ಲಿ ಒಬ್ಬ ಬೆಳ್ಳಿಗೂದಲಿನ ನಟಿ ದೊಡ್ಡಮನೆಯ ಅತ್ತೆಯಾಗಿ ಸೊಸೆಯ ಗೋಳು ಹೊಯ್ದುಕೊಂಡಿದ್ದಳು, ಆ ನಟಿಗೆ ದನಿ ಕೊಟ್ಟಿದ್ದು ಅಕ್ಕ. ತರಕಾರಿ ಅಂಗಡಿಯಲ್ಲಿ ಅಕ್ಕ ಬಾಯಿ ತೆರೆದರೆ ಸಾಕು, ಪಕ್ಕದಲ್ಲಿ ನಿಂತ ಹೆಂಗಸರು ತಿರುಗಿ ನೋಡಿ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ನಿಜ ಹೇಳಬೇಕೆಂದರೆ ಅಕ್ಕ ಮದುವೆಯನ್ನೇ ಆಗಿರಲಿಲ್ಲ. ಗೋಳು ಹೊಯ್ದುಕೊಳ್ಳುವುದಕ್ಕೆ ಅವಳಿಗೆ ಇದ್ದವನು ಒಬ್ಬನೇ ತಮ್ಮ, ಅವನೂ ಹೆಂಡತಿ ಹೋದ ಮೇಲೆ ಅವಳ ಎದುರು ಬಾಗಿಲಿನ ಮನೆಗೇ ಬಂದು ಸೇರಿಕೊಂಡಿದ್ದ. ಹೀಗಾಗಿ ದಿನಕ್ಕೆ ಎರಡು ಹೊತ್ತು ಮಂಗಳಾರತಿ ತಪ್ಪುತ್ತಿರಲಿಲ್ಲ.

ಹಿಂದಿನ ವರ್ಷ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಅಕ್ಕನ ಬಾಯಿಯ ಎಡಭಾಗ ಜೋತುಬಿತ್ತು. ಒಂಬತ್ತು ದಿನ ಆಸ್ಪತ್ರೆ, ಮೂರು ತಿಂಗಳು ನಾಲಿಗೆಗೆ ಕಸರತ್ತು. ಮತ್ತೆ ಮೈಕಿನ ಮುಂದೆ ಬಂದು ನಿಂತ ಮೊದಲ ದಿನ ಹನ್ನೊಂದು ತುಂಡಿನ ಒಂದು ವಾಕ್ಯ ಹೇಳಬೇಕಿತ್ತು. ಏಳನೆಯ ತುಂಡಿಗೆ ಬರುವಷ್ಟರಲ್ಲಿ ನಾಲಿಗೆ ಎಡವಿತು. ಮತ್ತೆ ಹೇಳಿದಳು, ಮತ್ತೆ ಎಡವಿತು. ಐದನೆಯ ಸಲ ಅವಳು ಹಣೆಯ ಬೆವರು ಒರೆಸಿಕೊಳ್ಳುವುದನ್ನು ಕಂಡು, ಗಾಜಿನ ಈಚೆ ಕೂತಿದ್ದ ಮೇಷ್ಟ್ರು ಕೈಯಲ್ಲಿದ್ದ ಪೆನ್ಸಿಲನ್ನು ಕೆಳಗಿಟ್ಟರು. ಮೈಕು ಬಿಟ್ಟರೆ ಅವಳಿಗೆ ಬೇರೆ ಲೋಕವಿಲ್ಲ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಅಂದೇ ಒಂದು ತೀರ್ಮಾನಕ್ಕೆ ಬಂದರು. ಅಕ್ಕ ಎಡವುವಷ್ಟು ಉದ್ದದ ಮಾತನ್ನು ಇನ್ನು ಬರೆಯುವುದೇ ಇಲ್ಲ.

ಉಪಾಯ ಸುಲಭದ್ದಲ್ಲ. ತೆರೆಯ ಮೇಲೆ ನಟಿ ಹನ್ನೊಂದು ತುಂಡು ಪಟಪಟ ಉದುರಿಸುತ್ತಾಳೆ, ಅಕ್ಕ ಆರರಲ್ಲಿ ಮುಗಿಸಬೇಕು. ಮೇಷ್ಟ್ರು ಭಾರ ಬಿದ್ದ ತುಂಡುಗಳನ್ನು ಮಾತ್ರ ಆರಿಸಿಕೊಂಡರು. ಬಾಯಿ ಅಗಲವಾಗುವ ಕಡೆಗಳಲ್ಲಿ ಮಾತ್ರ ಒಂದೊಂದು ಪದ, ನಡುವೆ ಗುಟುರು, ನಿಟ್ಟುಸಿರು, "ಹೂಂ". ನಟಿ ಬೆನ್ನು ತಿರುಗಿಸಿದಾಗ, ಬೀಸಣಿಗೆ ಅಡ್ಡ ಹಿಡಿದಾಗ ನಿಧಾನವಾಗಿ ಮಿಕ್ಕ ಅರ್ಥ ತುಂಬುವುದು. ಮೊದಲು "ನಿನ್ನಂಥ ಬೀದಿಗೆ ಬಿದ್ದವಳನ್ನು ಈ ಮನೆಯ ಹೊಸಿಲು ತುಳಿಯಲು ಬಿಟ್ಟಿದ್ದೇ ನನ್ನ ತಪ್ಪು" ಎನ್ನುತ್ತಿದ್ದ ಅತ್ತೆ ಈಗ "ನೀನು... ಬೀದಿ... ಹೂಂ!" ಎನ್ನುತ್ತಿದ್ದಳು. ನೋಡುವವರು ಹಿಂದಿಗಿಂತ ಹೆಚ್ಚು ಹೆದರಿದರಂತೆ. ಮೇಷ್ಟ್ರು ಒಳಗೊಳಗೇ ಬೆನ್ನು ತಟ್ಟಿಕೊಂಡರು.

ಈ ಗುಟ್ಟನ್ನು ಅವರು ಹೇಳಿದ್ದು ರೆಕಾರ್ಡಿಸ್ಟ್ ಒಬ್ಬಳಿಗೇ. ಒಂದು ಕಾಲಕ್ಕೆ ಅವರ ಬೆಂಚಿನ ಮೇಲೆ ಕೂತು ಲಘು ಗುರು ತಪ್ಪು ಹಾಕಿ ಕಿವಿ ಹಿಂಡಿಸಿಕೊಂಡವಳು ಈಗ ಮೂವತ್ತು ದಾಟಿ ಧ್ವನಿಯ ಗುಂಡಿಗಳ ಮುಂದೆ ಕೂರುತ್ತಿದ್ದಳು.

"ಅಕ್ಕಂಗೆ ಗೊತ್ತಾಗಬಾರದು" ಎಂದು ಮೇಷ್ಟ್ರು ಆಣೆ ಹಾಕಿಸಿಕೊಂಡಿದ್ದರು. "ಮರುಕ ಅಂದ್ರೆ ಅವಳಿಗೆ ಆಗಲ್ಲ. ಗೊತ್ತಾದ ದಿನವೇ ಕೆಲಸ ಬಿಟ್ಟು ಮನೇಲಿ ಕೂತ್ಕೋತಾಳೆ."

ರೆಕಾರ್ಡಿಸ್ಟ್ ಬಾಯಿ ತೆರೆದಳು, ಏನೋ ಯೋಚಿಸಿದಳು, ಮತ್ತೆ ಮುಚ್ಚಿದಳು. "ಆಯ್ತು ಮೇಷ್ಟ್ರೇ" ಎಂದು ಮಾತ್ರ ಹೇಳಿದಳು.

ಹೀಗೆ ಎಂಟು ತಿಂಗಳು ಸಾಗಿತು. ಆಮೇಲೆ ಒಂದು ಸೋಮವಾರ ಮ್ಯಾನೇಜರ್ ಮೇಷ್ಟ್ರನ್ನು ಒಳಗೆ ಕರೆದು ಬಾಗಿಲು ಹಾಕಿದ. ಅವನು ಬಾಗಿಲು ಹಾಕಿದನೆಂದರೆ ಒಳ್ಳೆಯ ಸುದ್ದಿಯಲ್ಲ, ಒಳ್ಳೆಯ ಸುದ್ದಿಗಳನ್ನು ಅವನು ಟೈರ್ ಅಂಗಡಿಯವರಿಗೂ ಕೇಳುವಂತೆ ಮೆಟ್ಟಿಲಲ್ಲೇ ಕೂಗುತ್ತಿದ್ದ.

"ಮೇಷ್ಟ್ರೇ, ಚಾನೆಲ್‌ನವರು ಮೂರು ಸಲ ಬರೆದಿದ್ದಾರೆ. ಅತ್ತೆಯ ಮಾತು ಬಾಯಿಗೆ ಕೂರ್ತಿಲ್ಲವಂತೆ. ಒಂದ್ಕಡೆ ಮಾತು ಮೊದಲೇ ಬಂದುಬಿಡುತ್ತೆ, ಒಂದ್ಕಡೆ ಬಾಯಿ ಆಡ್ತಾ ಇರುತ್ತೆ, ಮಾತೇ ಇಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು.

"ಗುರುವಾರ ಕೊನೇ ಕಂತು ರೆಕಾರ್ಡಿಂಗ್. ಅತ್ತೆ ತಪ್ಪು ಒಪ್ಪಿಕೊಳ್ಳೋ ದೃಶ್ಯ ಇದೆಯಲ್ಲ, ನಲವತ್ತೆಂಟು ಸೆಕೆಂಡು, ಪೂರ್ತಿ ಮುಖ. ಬೆನ್ನಿಲ್ಲ, ಬೀಸಣಿಗೆ ಇಲ್ಲ. ಅದು ಸರಿ ಬಂದರೆ ಮುಂದಿನ ಧಾರಾವಾಹೀನೂ ನಮಗೇ. ಬರದಿದ್ರೆ ಬದಲಾಯಿಸಿ ಅಂತ ಖಡಾಖಂಡಿತ ಹೇಳಿದ್ದಾರೆ. ನನ್ನ ಕೈಲಿ ಏನೂ ಇಲ್ಲ ಮೇಷ್ಟ್ರೇ. ನಿಮಗೆ ಹೇಳೋದಕ್ಕೆ ನನಗೇ ಸಂಕಟ."

ಯಾರನ್ನು ಬದಲಾಯಿಸುವುದು ಎಂದು ಮ್ಯಾನೇಜರ್ ಬಿಡಿಸಿ ಹೇಳಲಿಲ್ಲ, ಮೇಷ್ಟ್ರು ಕೇಳಲೂ ಇಲ್ಲ. ಅತ್ತೆಯ ಮಾತು ಕೂರುತ್ತಿಲ್ಲವೆಂದರೆ ಅತ್ತೆಮ್ಮನನ್ನಲ್ಲದೆ ಇನ್ಯಾರನ್ನು ಬದಲಾಯಿಸುತ್ತಾರೆ? ಮೆಟ್ಟಿಲಿಳಿಯುವಾಗ ಅಕ್ಕನ ಜಾಗದಲ್ಲಿ ಇಪ್ಪತ್ತೈದರ ಹುಡುಗಿಯೊಬ್ಬಳು ಮುದಿ ದನಿ ಮಾಡಿಕೊಂಡು ಗದರುವುದು ಕಿವಿಯಲ್ಲಿ ಕೇಳಿದಂತಾಗಿ ಅವರಿಗೆ ಅಳು ಬಂತು. ಕೊನೆಯ ಮೆಟ್ಟಿಲು ಇದ್ದದ್ದೂ ಕಾಣಲಿಲ್ಲ. ಅದಕ್ಕೆ ಕಾರಣ ಅಳು ಎಂದು ಅವರು ತಮಗೆ ತಾವೇ ಹೇಳಿಕೊಂಡರು.

ಮಂಗಳವಾರ ಕಾಗದಗಳನ್ನು ಕಿಟಕಿಯ ಬಳಿ ಹರಡಿಕೊಂಡು ಕೂತರು. ದೃಶ್ಯವನ್ನು ಮೊದಲು ಒಮ್ಮೆ ಓದಿದರು. ಅತ್ತೆ ಸೊಸೆಯ ಮುಂದೆ ನಿಂತು ಎಲ್ಲ ಹೇಳಿಬಿಡುತ್ತಾಳೆ. ನಿನ್ನ ತಾಯಿಯ ವಿಷಯ ಬಚ್ಚಿಟ್ಟೆ, ಸುಳ್ಳು ಹೇಳಿದೆ, ಸಹಿ ಹಾಕಿದೆ, ಕಾಗದಗಳನ್ನು ಸುಟ್ಟೆ. ನಿನ್ನ ಒಳ್ಳೆಯದಕ್ಕೆ ಎಂದುಕೊಂಡೆ, ನಿಜ ನೋಡಿದರೆ ನನಗೆ ಹೆದರಿಕೆಯಾಗಿತ್ತು. ಎಣಿಸಿದರೆ ನೂರಾ ತೊಂಬತ್ತು ತುಂಡುಗಳು. ಮೇಷ್ಟ್ರು ಕಾಗದವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಕತ್ತರಿಸಿದರು, ಭಾರ ಹುಡುಕಿದರು, ಇಡೀ ದೃಶ್ಯವನ್ನು ಐವತ್ತು ತುಂಡಿಗೆ ಇಳಿಸಿದರು. ಸಾಲದೆಂದು ಇನ್ನೂ ಆರನ್ನು ಕಿತ್ತರು.

ಅಷ್ಟರಲ್ಲಿ ಎದುರು ಮನೆಯಿಂದ ಅಕ್ಕ ಬಂದಳು. ತಮ್ಮ ಎದ್ದು ಅವಳಿಗೆ ಚಹಾ ಬಗ್ಗಿಸಿಕೊಟ್ಟ. ಅರ್ಧ ಲೋಟಕ್ಕೆ ಬಿತ್ತು, ಅರ್ಧ ಮೇಜಿಗೆ.

"ಲೋಟ ಅಲ್ಲಿದೆ ಕಣೋ, ನೀನು ಮೇಜಿಗೆ ಚಹಾ ಕುಡಿಸ್ತಾ ಇದೀಯ! ನಿನ್ನೆ ಬಾಗಿಲ ಚೌಕಟ್ಟಿಗೆ ಹಣೆ ಚಚ್ಚಿಕೊಂಡೆ, ಮೊನ್ನೆ ಕೆಳಗಿನ ಮನೆ ಬೆಕ್ಕನ್ನ ನನ್ನ ಉಣ್ಣೆ ಟೋಪಿ ಅಂತ ಎತ್ತಿಕೊಳ್ಳೋಕೆ ಹೋಗಿ ಪರಚಿಸಿಕೊಂಡೆ, ಡಾಕ್ಟರ ಹತ್ರ ಹೋಗೋ ಅಂದ್ರೆ ಕಿವೀನೇ ಕೇಳಿಸದ ಹಾಗೆ ಕೂರ್ತೀಯ, ನೀನು ಹುಟ್ಟಿದಾಗಿನಿಂದ ಹೀಗೇ, ಅಮ್ಮ ಹೇಳ್ತಾ ಇದ್ದಳು ಇವನಿಗೆ ಹಟ ಅನ್ನೋದು ಹೊಕ್ಕುಳಬಳ್ಳಿ ಜೊತೆಗೇ ಬಂದಿದೆ ಅಂತ!"

ಇಷ್ಟನ್ನೂ ಅಕ್ಕ ಒಂದೇ ಉಸಿರಿಗೆ, ಒಂದು ಕಡೆಯೂ ಎಡವದೆ ಹೇಳಿದಳು. ಕಳೆದ ಆರು ತಿಂಗಳಿಂದಲೂ ಅವಳು ಹೀಗೇ ಬೈಯುತ್ತಿದ್ದಳು. ತೆರೆಯ ಮೇಲಿನ ಬಾಯಿಯ ಒಂದೊಂದು ತುಂಡನ್ನೂ ಲೆಕ್ಕವಿಡುತ್ತಿದ್ದ ಮೇಷ್ಟ್ರು ತಮ್ಮ ಮೇಲೆ ಬೀಳುವ ಬೈಗುಳವನ್ನು ಒಂದು ದಿನವೂ ಎಣಿಸಿರಲಿಲ್ಲ. ಅರವತ್ತು ವರ್ಷದಿಂದ ಕೇಳಿ ಕೇಳಿ ಅದು ಅವರಿಗೆ ಫ್ಯಾನಿನ ಸದ್ದಿನ ಹಾಗೆ ಆಗಿಹೋಗಿತ್ತು.

"ಬೆಳಕು ಕಮ್ಮಿ ಇತ್ತು ಅಕ್ಕ" ಎಂದು ಮೇಜು ಒರೆಸಿದರು. ಹೊರಗೆ ಮಟಮಟ ಮಧ್ಯಾಹ್ನ.

ಅಕ್ಕ ಇನ್ನೇನೋ ಹೇಳಲು ಹೊರಟವಳು ಮೇಜಿನ ಮೇಲಿದ್ದ ಕಾಗದ ನೋಡಿದಳು. ನಲವತ್ತೆಂಟು ಸೆಕೆಂಡಿಗೆ ಬರೀ ಒಂಬತ್ತು ಸಾಲು. ಅವಳ ಮುಖ ಸಪ್ಪಗಾಯಿತು. ತಮ್ಮನ ತಲೆಯ ಮೇಲೆ ಒಮ್ಮೆ ಕೈಯಾಡಿಸಿ, ಬೈಯದೆ ಎದ್ದು ಹೋದಳು. ಅಕ್ಕ ಬೈಯದೆ ಹೋದದ್ದು ಮೇಷ್ಟ್ರಿಗೆ ವಿಚಿತ್ರವೆನಿಸಿತು. ಪಾಪ, ನಾಲಿಗೆ ದಣಿದಿರಬೇಕು ಎಂದುಕೊಂಡರು.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಸೇರಿದರು. ಮ್ಯಾನೇಜರ್ ತಾನೇ ಬಂದು ರೆಕಾರ್ಡಿಸ್ಟ್ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡ. ಗಾಜಿನ ಆಚೆ ಅಕ್ಕ ಹೆಡ್‌ಫೋನ್ ಹಾಕಿಕೊಂಡು ಮೈಕಿನ ಮುಂದೆ ನಿಂತಳು. ತೆರೆಯ ಮೇಲೆ ಬೆಳ್ಳಿಗೂದಲಿನ ನಟಿಯ ಮುಖ ಗೋಡೆಯಷ್ಟು ದೊಡ್ಡದಾಗಿ ಬಂತು, ಅವಳ ಎದುರು ಸೊಸೆ ಕ್ಯಾಮರಾಕ್ಕೆ ಬೆನ್ನು ಹಾಕಿ ನಿಂತಿದ್ದಳು. ಮೇಷ್ಟ್ರು ಮುಷ್ಟಿ ಬಿಗಿ ಹಿಡಿದು ಕೂತರು.

ಮೊದಲ ಟೇಕ್ ಶುರುವಾಯಿತು. ಸ್ವಲ್ಪ ಹೊತ್ತಿಗೇ ಅನಾಹುತವೆಂದು ಎಲ್ಲರಿಗೂ ಗೊತ್ತಾಯಿತು. ನಟಿ ಬಾಯಿ ತೆರೆಯುವ ಮೊದಲೇ ಅಕ್ಕನ ಪದ ಬಂದು ಬಿದ್ದಿರುತ್ತಿತ್ತು, ನಟಿಯ ಬಾಯಿ ಅಗಲವಾದಾಗ ಅಕ್ಕನದು ಮುಗಿದಿರುತ್ತಿತ್ತು. ಅಕ್ಕ ಪದಗಳನ್ನು ಹಿಂದೆ ಮುಂದೆ ಎಳೆದಾಡಿ ಹೊಂದಿಸಲು ನೋಡಿದಳು. ಆದರೆ ಎಳೆಯುವುದಕ್ಕಾದರೂ ಪದ ಇರಬೇಕಲ್ಲ. ಎಷ್ಟೋ ಸೆಕೆಂಡು ಆ ದೊಡ್ಡ ಮುಖ ಮೀನಿನ ಹಾಗೆ ಸುಮ್ಮನೆ ಬಾಯಿ ಆಡಿಸಿತು.

ಮ್ಯಾನೇಜರ್ ಹಣೆ ಒತ್ತಿಕೊಂಡ. "ಮೇಷ್ಟ್ರೇ, ಈ ಸಾಲು ನೋಡಿ. ಕಯೇ, ಮೆಂತೀ, ಫಿರ್ಮೇ, ಕೆಮೇ, ಅಂದ್ರೆ ಬಚ್ಚಿಟ್ಟೆ, ಸುಳ್ಳು ಹೇಳಿದೆ, ಸಹಿ ಹಾಕಿದೆ, ಸುಟ್ಟೆ. ನಾಲ್ಕಕ್ಕೂ ಅವಳು ಕೊನೇಲಿ ಬಾಯಿ ತೆರೀತಾಳೆ. ನೀವು ನಾಲ್ಕಕ್ಕೂ ಮೊದಲನೇ ತುಂಡಿಗೆ ಭಾರ ಹಾಕಿದ್ದೀರಿ."

"ಕೊನೇಲಿ ಸ್ವರ ಇದೆ. ಹಿಂದಿನ ತುಂಡಿಗೇ ಬರಬೇಕು" ಎಂದರು ಮೇಷ್ಟ್ರು.

"ನಾಲ್ಕರ ಮೇಲೂ ಗೀಟು ಇದೆ ಮೇಷ್ಟ್ರೇ."

ಮೇಷ್ಟ್ರು ಕಾಗದವನ್ನು ಮೂಗಿನ ಹತ್ತಿರ ತಂದರು, ದೂರ ಹಿಡಿದರು, ದೀಪದ ಕಡೆಗೆ ತಿರುಗಿಸಿದರು. ಅಕ್ಷರಗಳ ತಲೆಯ ಮೇಲೆ ಅವರಿಗೆ ಕಂಡದ್ದು ಮಂಜು.

ಗಾಜಿನ ಆಚೆಯಿಂದ ಅಕ್ಕನ ದನಿ ಬಂತು. "ಅದನ್ನ ಬಿಡಿ. ನನ್ನ ಹತ್ರ ಬೇರೆ ಇದೆ." ಅವಳು ಕೈಚೀಲದಿಂದ ಮಡಿಸಿದ ಎರಡು ಹಾಳೆ ತೆಗೆದಳು. ದೊಡ್ಡ ದೊಡ್ಡ ಅಕ್ಷರ, ಎರಡು ಹಾಳೆಯ ತುಂಬ ಮಾತು. "ನಿನ್ನೆ ಅನುವಾದದ ಕಟ್ಟು ಎದುರಿಗಿಟ್ಕೊಂಡು ಕೂತು ನಾನೇ ಬರೆದೆ. ಕೂತಿದೆಯೋ ಇಲ್ಲವೋ ಗೊತ್ತಿಲ್ಲ, ಒಂದು ಸಲ ಹೇಳಿ ನೋಡ್ತೀನಿ."

ಮೇಷ್ಟ್ರು ಎದ್ದು ನಿಂತರು. "ಅಕ್ಕಾ, ಬೇಡ! ಅಷ್ಟುದ್ದ ಹೇಳೋಕೆ ಹೋಗಬೇಡ. ನಿನ್ನ ನಾಲಿಗೆ..."

"ನನ್ನ ನಾಲಿಗೆಗೇನಾಗಿದೆ?"

"ದಣಿಯುತ್ತಲ್ಲ..."

"ನನ್ನ ನಾಲಿಗೆ ದಣಿದದ್ದನ್ನ ಯಾವತ್ತು ನೋಡಿದೆ ನೀನು?"

ಆಗ ರೆಕಾರ್ಡಿಸ್ಟ್ ಎರಡೂ ಕೈ ಎತ್ತಿ ಗುಂಡಿಗಳ ಹಲಗೆಯ ಮೇಲೆ ಧೊಪ್ಪೆಂದು ಹಾಕಿದಳು. "ಸಾಕು! ಇಬ್ಬರ ಗುಟ್ಟನ್ನೂ ಹೊಟ್ಟೇಲಿಟ್ಟುಕೊಂಡು ನನಗೆ ಅಜೀರ್ಣ ಆಗಿದೆ. ಮೇಷ್ಟ್ರೇ, ಅತ್ತೆಮ್ಮನ ನಾಲಿಗೆ ನೆಟ್ಟಗಾಗಿ ಆರು ತಿಂಗಳಾಯ್ತು. ನೀವು ಮಾತು ಮೊಟಕು ಮಾಡ್ತಿರೋದು ನಿಮ್ಮ ಕಣ್ಣು ಕಾಣದೇ, ಉದ್ದ ಬರೆಯೋಕಾಗದೇ ಅಂದ್ಕೊಂಡು ಅವರು ಸುಮ್ಮನಿದ್ರು. ನೀವು ತಪ್ಪು ಹಾಕಿದ ಭಾರಾನೆಲ್ಲ ಮೈಕಿನ ಮುಂದೆ ನಿಂತು ಎಳೆದು ಎಳೆದು ಸರಿ ಮಾಡ್ಕೊಂಡು ಬಂದಿದ್ದಾರೆ. ಅತ್ತೆಮ್ಮ, ನಿಮ್ಮ ತಮ್ಮ ಮೊಟಕು ಮಾಡಿದ್ದು ತಮ್ಮ ಕಣ್ಣಿಗೋಸ್ಕರ ಅಲ್ಲ, ನಿಮ್ಮ ನಾಲಿಗೆಗೋಸ್ಕರ. ಇಬ್ಬರೂ ನನ್ನ ಹತ್ರ ಆಣೆ ಹಾಕಿಸಿಕೊಂಡಿದ್ದೀರಿ. ಎರಡೂ ಆಣೆ ಮುರಿದಿದ್ದೀನಿ, ಏನಾಗುತ್ತೋ ಆಗಲಿ!"

ಸರಿಯಾಗಿ ಆ ಹೊತ್ತಿಗೇ ಮೇಲಿನಿಂದ ಹಲ್ಲು ಕೊರೆಯುವ ಯಂತ್ರ ಶುರುವಾಯಿತು. ಇನ್ನು ಹತ್ತು ನಿಮಿಷ ರೆಕಾರ್ಡಿಂಗ್ ಆಗುವ ಹಾಗಿರಲಿಲ್ಲ. ಅಕ್ಕ ಹೆಡ್‌ಫೋನ್ ಕಿತ್ತು ಗಾಜಿನ ಬಾಗಿಲು ತಳ್ಳಿಕೊಂಡು ಈಚೆ ಬಂದಳು.

"ಎಂಟು ತಿಂಗಳು ನನ್ನ ಕೈಲಿ ಹೂಂ ಹೂಂ ಅನ್ನಿಸಿದೆಯಲ್ಲೋ! ನಾನೇನು ಹಸುವೇನೋ?"

"ನೀನು ಮಾತ್ರ? ನನಗೊಂದು ಮಾತು ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ನೀನು ಕೇಳೋನಾ? ಹೇಳಿ ಹೇಳಿ ನನಗೆ ಸಾಕಾಗಿದೆ. ಡಾಕ್ಟರ ಹತ್ರ ಹೋಗು ಅಂತ ಎಷ್ಟು ಸಲ ಬಡ್ಕೊಂಡಿಲ್ಲ?"

ಮೇಷ್ಟ್ರು ಮ್ಯಾನೇಜರ್ ಕಡೆ ತಿರುಗಿದರು. ಕೊನೆಯ ಪ್ರಯತ್ನವೆಂಬಂತೆ ದನಿ ತಗ್ಗಿಸಿದರು. "ನೋಡಿದ್ರಲ್ಲ, ಅಕ್ಕನ ನಾಲಿಗೆಗೆ ಏನೂ ಆಗಿಲ್ಲ. ಅವಳನ್ನ ಬದಲಾಯಿಸಬೇಡಿ. ತಪ್ಪು ನಂದು."

ಮ್ಯಾನೇಜರ್ ತಲೆ ತಗ್ಗಿಸಿದ. "ಅತ್ತೆಮ್ಮನ್ನ ಬದಲಾಯಿಸಿ ಅಂತ ಯಾರು ಹೇಳಿದ್ರು ಮೇಷ್ಟ್ರೇ? ಚಾನೆಲ್‌ನವರು ಹೇಳಿದ್ದು ನಿಮ್ಮನ್ನ. ನಾನು ಅತ್ತೆಮ್ಮಂಗೆ ಹೋದ ತಿಂಗಳೇ ಹೇಳಿದೆ. ಅವನು ಹೋದ್ರೆ ನಾನೂ ಹೋಗ್ತೀನಿ ಅಂತ ಕೂತಿದ್ದಾರೆ. ಇವತ್ತು ಇದು ಸರಿ ಬರದಿದ್ರೆ ನನಗೆ ಇಬ್ಬರೂ ಇಲ್ಲ."

ಮೇಷ್ಟ್ರು ಕುರ್ಚಿಯನ್ನು ತಡವಿಕೊಂಡು ಕೂತರು. ಮೇಲೆ ಯಂತ್ರ ಕೊರೆಯುತ್ತಲೇ ಇತ್ತು. ಒಂದು ವರ್ಷದಿಂದ ಅವರು ಕಾಗದವನ್ನು ಹತ್ತಿರ ತರುತ್ತ, ಹತ್ತಿರ ತರುತ್ತ, ಮೂಗಿನವರೆಗೆ ತಂದಿದ್ದರು. ಕಣ್ಣು ಕಾಣುವುದಿಲ್ಲವೆಂದು ಬಾಯಿಬಿಟ್ಟರೆ ಕೈಯಿಂದ ಪೆನ್ಸಿಲು ಕಿತ್ತುಕೊಳ್ಳುತ್ತಾರೆ, ಪೆನ್ಸಿಲು ಹೋದರೆ ಮಧ್ಯಾಹ್ನವೆಲ್ಲ ಕಿಟಕಿಯ ಬಳಿ ಸುಮ್ಮನೆ ಕೂರಬೇಕಾಗುತ್ತದೆ ಎಂ‍ಬ ಭಯಕ್ಕೆ ಹೆಸರು ಕೊಡದೆ, ಅಕ್ಕನನ್ನು ಕಾಪಾಡುತ್ತಿದ್ದೇನೆ ಎಂದುಕೊಂಡು ದಿನ ದೂಡಿದ್ದರು. ಅವಳನ್ನು ಕಾಪಾಡಿದ್ದು ಸುಳ್ಳಲ್ಲ. ಆದರೆ ಉದ್ದ ಬರೆಯದೆ ತಪ್ಪಿಸಿಕೊಳ್ಳುವುದಕ್ಕೂ ಅದು ಅನುಕೂಲವಾಗಿತ್ತು. ಇದು ಅವರಿಗೆ ಈಗ ಹೊಳೆಯಿತು.

"ಅಕ್ಕಾ, ನನಗೆ ಕಾಣಿಸ್ತಿಲ್ಲ" ಎಂದರು.

ಅಕ್ಕನ ಬಾಯಲ್ಲಿ ಒಂದು ಉದ್ದದ ಮಾತು ಸಿದ್ಧವಾಗಿದ್ದಿರಬೇಕು. ಅದನ್ನು ಅವಳು ನುಂಗಿಕೊಂಡಳು. ಕುರ್ಚಿ ಎಳೆದು ತಮ್ಮನ ಮುಂದೆ ಕೂತಳು.

"ಎಷ್ಟು ದಿನದಿಂದ?"

"ಹೋದ ವರ್ಷ ನೀನು ಆಸ್ಪತ್ರೇಲಿದ್ದಾಗಿಂದ. ಪೊರೆ ಬಂದಿದೆ, ತೆಗೀಬೇಕು ಅಂದ್ರು. ನೀನು ಹಾಗೆ ಮಲಗಿರುವಾಗ ನಾನೂ ಮಲಗೋದು ಹೇಗೆ? ಆಮೇಲೆ ಹೆದರಿಕೆ ಆಯ್ತು."

ಅಕ್ಕ ಅವರ ಕನ್ನಡಕ ತೆಗೆದು ತನ್ನ ಸೆರಗಿನಿಂದ ಒರೆಸಿದಳು. ಒರೆಸಿದರೆ ಉಪಯೋಗವಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. "ಮುಂದಿನ ಧಾರಾವಾಹಿ ಶುರುವಾಗೋದು ಯಾವಾಗ?" ಎಂದು ಮ್ಯಾನೇಜರನ್ನು ಕೇಳಿದಳು.

"ಇದು ಸರಿ ಬಂದ್ರೆ ಎರಡು ತಿಂಗಳು."

"ಅಷ್ಟರಲ್ಲಿ ಎರಡು ಕಣ್ಣೂ ಆಗುತ್ತೆ. ಏಳೋ, ಈಗ ಕೆಲಸ ನೋಡು. ನಾನು ಓದ್ತೀನಿ, ನೀನು ಹೇಳು."

ಮೇಲಿನ ಯಂತ್ರ ನಿಂತಿತು. ರೆಕಾರ್ಡಿಸ್ಟ್ ಮೇಷ್ಟ್ರ ತಲೆಗೆ ಹೆಡ್‌ಫೋನ್ ಹಾಕಿ ನಟಿಯ ಸ್ವಂತ ದನಿಯನ್ನು ಬಿಟ್ಟಳು. ಮೇಷ್ಟ್ರು ಕಣ್ಣು ಮುಚ್ಚಿ ಕೂತರು. ಆರು ವರ್ಷದಲ್ಲಿ ಲೆಕ್ಕ ಹಾಕುವ ಮೊದಲೇ ಅವರು ಆ ದನಿಯನ್ನು ಕೇಳಿದ್ದು ಇದೇ ಮೊದಲು. ಕ-ಯೇ. ಮೆನ್-ತೀ. ಭಾರ ಎಲ್ಲಿ ಬೀಳುತ್ತಿದೆಯೆಂದು ಹುಡುಕಬೇಕಾಗಿಯೇ ಇರಲಿಲ್ಲ, ಹೇಳಲಾರದ್ದನ್ನು ಹೇಳುವ ಹೆಂಗಸು ಪ್ರತಿ ಪದದ ಕೊನೆಗೂ ತನ್ನ ಮೈಯ ಭಾರವನ್ನೆಲ್ಲ ಹಾಕಿ ತಳ್ಳುತ್ತಿದ್ದಳು. ಅಕ್ಕ ತನ್ನ ಹಾಳೆಯಿಂದ ಒಂದೊಂದು ಸಾಲು ಓದಿದಳು, ಮೇಷ್ಟ್ರು ಬೆರಳ ಗೆಣ್ಣಿನ ಮೇಲೆ ಎಣಿಸಿ ಒಂದು ಪದ ಹಿಂದಕ್ಕೆ, ಒಂದು ಮುಂದಕ್ಕೆ ಸರಿಸಿದರು. ಕೆ-ಮೇ ಎನ್ನುವಲ್ಲಿ ಅವರು ಹಿಂದೆ ಬರೆದಿದ್ದ "ಬೂದಿ ಮಾಡ್ದೆ" ತೆಗೆದು ಅಕ್ಕ ಬರೆದಿದ್ದ "ಸುಟ್ಟೆ"ಯನ್ನೇ ಇಟ್ಟರು. ಅದು ಸರಿಯಾಗಿ ಕೂತಿತು.

"ನನ್ನ ಪದ ನಿನ್ನದಕ್ಕಿಂತ ಚೆನ್ನಾಗಿದೆ ಅಂತ ಎಲ್ಲರ ಮುಂದೆ ಹೇಳು" ಎಂದಳು ಅಕ್ಕ.

"ಚೆನ್ನಾಗಿದೆ."

"ಕೇಳಿಸಲಿಲ್ಲ."

"ಚೆನ್ನಾಗಿದೆ ಅಂದೆನಲ್ಲ!"

ಹನ್ನೆರಡಕ್ಕೆ ಸ್ವಲ್ಪ ಮುಂಚೆ ಅಕ್ಕ ಮತ್ತೆ ಮೈಕಿನ ಮುಂದೆ ನಿಂತಳು. ಹೊಸ ಮಾತಿನ ಗುರುತುಗಳು ಕಾಗದದ ಮೇಲಿರಲಿಲ್ಲ, ಮೇಷ್ಟ್ರ ತಲೆಯಲ್ಲಿ ಮಾತ್ರ ಇದ್ದವು. ಅದಕ್ಕೆ ಅವರೂ ಒಳಗೆ ಹೋಗಿ ಅಕ್ಕನ ಪಕ್ಕದಲ್ಲಿ ನಿಂತು, ಭಾರ ಬೀಳುವ ಕಡೆಯೆಲ್ಲ ಅವಳ ಮೊಣಕೈಯನ್ನು ಮೆಲ್ಲಗೆ ಒತ್ತುವುದೆಂದು ಮಾತಾಯಿತು. ರೆಕಾರ್ಡಿಸ್ಟ್ ಬೆರಳೆತ್ತಿದಳು.

ಅಕ್ಕ ಶುರು ಮಾಡಿದಳು. ಇಷ್ಟು ವರ್ಷ ಗದರಿಸಿದ ಅದೇ ದನಿ ಈಗ ತಗ್ಗಿ, ತೊದಲದೆ, ಎಲ್ಲೂ ನಿಲ್ಲದೆ ಹರಿಯಿತು. ಬಚ್ಚಿಟ್ಟೆ. ಸುಳ್ಳು ಹೇಳಿದೆ. ಸಹಿ ಹಾಕಿದೆ. ಸುಟ್ಟೆ. ತೆರೆಯ ಮೇಲಿನ ದೊಡ್ಡ ಬಾಯಿ, ಅಕ್ಕನ ಬಾಯಿ ಎರಡೂ ಒಂದೇ ಆಗಿ ತೆರೆದವು. "ನಿನ್ನ ಒಳ್ಳೇದಕ್ಕೇ ಮಾಡ್ತಿದ್ದೀನಿ ಅಂದ್ಕೊಂಡೆ. ಅದೂ ಸುಳ್ಳೇ. ನಿನಗೆ ಗೊತ್ತಾದ್ರೆ ನನಗೆ ಯಾರೂ ಇರಲ್ಲ ಅಂತ ನನಗೆ ಹೆದರಿಕೆಯಾಗಿತ್ತು." ಈ ಮಾತಿಗೆ ಬರುವಾಗ ಅಕ್ಕ ತೆರೆಯನ್ನು ನೋಡುತ್ತಿರಲಿಲ್ಲ, ತಮ್ಮನ ಕಡೆ ತಿರುಗಿದ್ದಳು. ಮೇಷ್ಟ್ರು ಒತ್ತುವುದನ್ನು ಮರೆತು ಅವಳ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಅವಳು ಹೇಳಿ ಮುಗಿಸಿದಳು, ಒಂದು ತುಂಡೂ ಹೆಚ್ಚಿಲ್ಲ, ಒಂದು ತುಂಡೂ ಕಡಿಮೆಯಿಲ್ಲ. ಆ ನಿಶ್ಶಬ್ದದಲ್ಲಿ ಮೇಷ್ಟ್ರಿಗೆ ತಡೆದುಕೊಳ್ಳಲಾಗದೆ ಬಿಕ್ಕಳಿಸುವಂತೆ ಒಂದು ಅಳು ಹೊರಬಿತ್ತು, ಹಿಂದೆಯೇ ಮೂಗೂ ಸೊರಕ್ಕೆಂದಿತು.

"ಮೇಷ್ಟ್ರೇ!" ರೆಕಾರ್ಡಿಸ್ಟ್ ತಲೆಯ ಮೇಲೆ ಕೈ ಹೊತ್ತಳು. "ನಿಮ್ಮ ಮೂಗು ಟೇಕ್‌ನಲ್ಲಿ ಬಿತ್ತು."

"ಅಯ್ಯೋ, ಇನ್ನೊಂದು ಸಲ ಮಾಡೋಣ" ಎಂದು ಮೇಷ್ಟ್ರು ಗಾಬರಿಯಿಂದ ಕರವಸ್ತ್ರ ಹುಡುಕಿದರು.

"ಇನ್ನೊಂದು ಸಲ ನನ್ನ ಕೈಲಿ ಆಗಲ್ಲ ಕಣೋ" ಎಂದಳು ಅಕ್ಕ. ಅವಳೂ ಕಣ್ಣೊರೆಸಿಕೊಳ್ಳುತ್ತಿದ್ದಳು.

ಮ್ಯಾನೇಜರ್ ದೃಶ್ಯವನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿಸಿದ. ಅತ್ತೆಯ ಮಾತು ಮುಗಿಯಿತು, ಅವಳ ತುಟಿ ಮುಚ್ಚಿತು. ಬೆನ್ನು ಹಾಕಿ ನಿಂತಿದ್ದ ಸೊಸೆಯ ಭುಜ ಒಮ್ಮೆ ನಡುಗಿತು, ಅದೇ ಕ್ಷಣಕ್ಕೆ ಮೇಷ್ಟ್ರ ಅಳು ಅವಳದೇ ಎಂಬಂತೆ ಕೇಳಿಸಿತು.

"ಇರಲಿ ಬಿಡಿ, ಸರಿಯಾಗಿ ಕೂತಿದೆ" ಎಂದ ಮ್ಯಾನೇಜರ್.